ಹೊರಸಿನ ನಕ್ಷೆ

ಗುಳೇದಗುಡ್ಡದ ಅಂಚಿನ ಮೂವತ್ತು–ನಲವತ್ತರ ಖಾಲಿ ಜಾಗಕ್ಕೆ
ವೈಶಾಖದಲ್ಲಿ ನಕ್ಷೆ ಸುತ್ತಿಕೊಂಡು ಹೋದೆ.
ಪಡುವಣಕ್ಕೆ ಆಳೆತ್ತರದ ಗಾಜಿನ ಕಿಟಕಿ,
ಸಂಜೆಯ ಗುಡ್ಡ ಕಾಣಲೆಂದು.
ಬೇವಿನ ಮರ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ.
ಅವರಿಗೆ ಕಾರಿರಲಿಲ್ಲ.

ಸಂಕವ್ವ ಹಾಳೆಯನ್ನು ಬಿಡಿಸಿ,
ಖಣದ ನೇಯ್ಗೆ ಪರೀಕ್ಷಿಸುವವಳಂತೆ
ಮಗುಚಿ ಹಿಂಬದಿಯನ್ನೂ ನೋಡಿದಳು.
‘ಇದ್ರಾಗ ಬಿಸಲ ಎಲ್ಲೈತ ತಂಗಿ?’

ಮರುದಿನ ತಲೆಯ ಮೇಲೆ ಹೊರಸು ಹೊತ್ತು ಬಂದಳು.
ಬೇವಿನ ನೆರಳು ಸರಿದಂತೆ ಹೊರಸು ಸರಿಯಿತು,
ಸರಿದಲ್ಲೆಲ್ಲ ನಾಲ್ಕು ಕಾಲಿನ ಬುಡಕ್ಕೆ
ನಾಲ್ಕು ಸುಣ್ಣದ ಚುಕ್ಕಿ.
ನಡು ಮಧ್ಯಾಹ್ನ ನನ್ನ ನೆರಳು
ಚಪ್ಪಲಿಯೊಳಗೆ ಮುದುಡಿ
ಎರಡೇ ಬೆರಳಷ್ಟು ದಕ್ಷಿಣಕ್ಕೆ ಇಣುಕಿತು.
ಕಾಲೇಜಿನಲ್ಲಿ ಓದಿದ್ದೆ,
ಕಾಲಬುಡದಲ್ಲಿ ನೋಡಿರಲಿಲ್ಲ.

ಸಂಜೆಗೆ ನೆಲದ ತುಂಬ ಎಳೆ ತಪ್ಪಿದ ರಂಗೋಲಿ.
ಅದರೊಳಗೆ ನಡೆದಾಡುತ್ತ ಅಂದಳು:
‘ಮಗ್ಗದ ಕುಣಿ ಇಲ್ಲಿ.
ಉತ್ತರದ ಬೆಳಕಿನ್ಯಾಗ ಬಣ್ಣಾ ಸುಳ್ಳ ಹೇಳಂಗಿಲ್ಲ.
ಒಲಿ ಅಲ್ಲಿ, ಗಾಳಿ ಹೊಗೀನ ಹೊತಗೊಂಡ ಹೋಗಲಿ.
ಜಳಕದ ನೀರು ಬೇವಿಗೆ.
ಬೇವಿಗೆ ಕೊಡ್ಲಿ ಹಚ್ಚಿದ್ರ ನೋಡು.’

ಗೌಂಡಿ ರಾಜೇಸಾಬ ಕೆಂಗಲ್ಲಿನ ಗೋಡೆಯನ್ನು
ಪಡುವಣಕ್ಕೆ ಎರಡು ಮೊಳ ದಪ್ಪ ಎಬ್ಬಿಸಿದ.
ಕಿಟಕಿ ಎಂದೆ.
‘ಸಂಜೀ ಸೂರ್ಯಾ ಏನ ಬೀಗನ್ರೀ ಬಾಯಾರ,
ಒಳಗ ಕರದು ಕುಂದ್ರಸಾಕ?’
ಆದರೂ ಹಟ ಹಿಡಿದು
ಒಂದು ಸಣ್ಣ ಕಿಟಕಿ ಉಳಿಸಿಕೊಂಡೆ.

ಮಾಳಿಗೆಗೆ ಕುಂಬಾರ ಓಣಿಯಲ್ಲಿ
ಸೀಳು ಬಿಟ್ಟು ಮೂಲೆ ಸೇರಿದ್ದ ಮಡಕೆಗಳು, ನೂರಾ ಹನ್ನೆರಡು.
ಬೋರಲಿಟ್ಟು, ನಡುವೆ ಕಾಂಕ್ರೀಟು ತುಂಬಿದರೆ
ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಬೊಗಸೆ ಗಾಳಿ,
ಬಿಸಿಲು ದಾಟಲಾರದ ಗಾಳಿ.
ಸಿಮೆಂಟಿನಲ್ಲಿ ಎಷ್ಟು ಉಳಿತಾಯ ಎಂದು ನಾನು ಲೆಕ್ಕ ಹಾಕುತ್ತಿರುವಾಗ
ಸಂಕವ್ವನ ಮಗಳು ಕಸ್ತೂರಿ, ಎಂಟು ವರ್ಷದವಳು,
ಇಡುವ ಮೊದಲು ಒಂದೊಂದರೊಳಗೂ ಬಾಯಿಟ್ಟು
ತನ್ನ ಹೆಸರು ಕೂಗಿದಳು.
ಅರವತ್ತಕ್ಕೆ ದನಿ ಬಿದ್ದುಹೋಯಿತು.
ಉಳಿದವಕ್ಕೆ ಬರೀ ಉಸಿರು.

ಮುಂದಿನ ಬೇಸಿಗೆ ಹೋದಾಗ
ನನ್ನ ಕಿಟಕಿಗೆ ಕಲ್ಲು ಮುಚ್ಚಿ ಗೂಡು ಮಾಡಿದ್ದರು.
ಒಳಗೆ ಕಂಡಿಕೆಗಳು, ಒಂದು ಮುರಿದ ಲಾಳಿ.
ನಾನು ಏನೂ ಕೇಳಲಿಲ್ಲ. ಅವಳು ಚಹಾ ಕೊಟ್ಟಳು.
ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೆ:
ನೆಲದ ತಂಪು ಮೊಣಕಾಲಿಗೆ ಏರಿತು.
ಎದುರು ಮನೆಯವರು ಬೀಸಣಿಕೆ ಹಿಡಿದು
ಕಟ್ಟೆಗೆ ಬಂದು ಕೂತ ಮೇಲೆಯೇ
ಕರೆಂಟು ಹೋದದ್ದು ನಮಗೆ ಗೊತ್ತಾದದ್ದು.
ಮಗ್ಗ ನಿಂತಿರಲಿಲ್ಲ.

ರೋಹಿಣಿ ಮಳೆಗೆ ಫೋನು ಬಂತು.
‘ಮೂಲ್ಯಾಗ ಒಂದ ಮಡಕಿ ಸೋರತೈತಿ ತಂಗಿ.
ನಕ್ಷಾ ತರಬ್ಯಾಡ, ಸುಣ್ಣಾ ತಗೊಂಡ ಬಾ.’
ಬಾಗಲಕೋಟೆಯಲ್ಲಿ ಬಸ್ಸು ಹತ್ತಿದೆ.
ಮುಚ್ಚಲಾಗದ ಕಿಟಕಿಯಿಂದ ಇರಚಲು ಬಡಿದು
ತೊಡೆಯ ಮೇಲಿನ ಸುಣ್ಣದ ಗಂಟು
ಮೆಲ್ಲಗೆ ಬಿಸಿಯಾಗುತ್ತಿತ್ತು.