ಎರಡು ಗಂಟೆಗೊಮ್ಮೆ

ಮಂಚದ ತಲೆಗೆ ದಾರ ಕಟ್ಟಿ ನೇತುಹಾಕಿದ ಚೀಟಿ:
ಹನ್ನೆರಡಕ್ಕೆ ಎಡ, ಎರಡಕ್ಕೆ ಅಂಗಾತ, ನಾಲ್ಕಕ್ಕೆ ಬಲ.
ಪಕ್ಕದಲ್ಲಿ ನನ್ನ ಸಹಿ. ಸಹಿಯೆಂದರೆ ಒಂದು ‘ನೀ’, ಅಷ್ಟೇ.
ರಾತ್ರಿ ಪಾಳಿಯಲ್ಲಿ ನೀಲವ್ವ ಎಂದು ಪೂರ್ತಿ ಬರೆಯಲು
ಪುರುಸೊತ್ತಿಲ್ಲ.

ಏಳನೇ ನಂಬರಿನ ಬೇಬಿಯಕ್ಕನಿಗೆ ಎಂಬತ್ತಮೂರು.
ಬಲಗೈ ಬಲಗಾಲು ಹೋಗಿ ಹನ್ನೊಂದು ತಿಂಗಳು,
ಬರುತ್ತಿದ್ದ ಚೂರು ಕನ್ನಡವೂ ಅವುಗಳ ಜೊತೆಗೇ ಹೋಯಿತಂತೆ.
ಉಳಿದದ್ದು ತುಳು, ಅದೂ ಅರ್ಧ ಬಾಯಲ್ಲಿ.
ನಾನೋ ಹಾವೇರಿ ಕಡೆಯವಳು.
ಏಜೆನ್ಸಿಯವರು ಕಲ್ಯಾಣಪುರದ ಈ ಮನೆಗೆ ಹಾಕುವವರೆಗೆ
ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೆ.

ಮೊದಲ ವಾರ ಮಗ್ಗುಲು ಬದಲಿಸಲು ಹೋದರೆ
ಎಡಗೈ ನೇರ ನನ್ನ ಕೆನ್ನೆಗೆ.
ಬೈಗುಳವೆಂದು ತಿಳಿಯಲು ಭಾಷೆ ಬೇಕೇ?
ಅದರ ನಡುವೆ ಒಂದೇ ಮಾತು ಮತ್ತೆ ಮತ್ತೆ:
ಅಡಿ ಮಿತ್ತ್ ಮಲ್ಪು, ಅಡಿ ಮಿತ್ತ್.

ಅಡುಗೆಮನೆಯ ಸಿಲ್ವಿಬಾಯಿ ಬಿಡಿಸಿ ಹೇಳಿದಳು:
ಮಲ್ಪೆಯ ಹೊಯಿಗೆಯಲ್ಲಿ ನಲವತ್ತು ವರ್ಷ ಮೀನು ಒಣಗಿಸಿದ ಹೆಂಗಸು,
ಅಡಿಯದನ್ನು ಮೇಲೆ ಮಾಡು ಅಂತಿದ್ದಾಳೆ.
ನೆಲಕ್ಕೆ ಹತ್ತಿದ ಮಗ್ಗುಲಿಗೆ ಗಾಳಿ ತಾಗದಿದ್ದರೆ ಹುಳ ಬೀಳುತ್ತದೆ,
ಅಷ್ಟೂ ಗೊತ್ತಿಲ್ಲವಾ ನಿನಗೆ?

ಗೊತ್ತಿಲ್ಲ ಅನ್ನಲಿ ಹೇಗೆ. ಸೊಂಟದ ಕೆಳಗೆ, ಎಲುಬಿನ ಮೇಲೆ,
ಎಂಟಾಣೆಯಗಲ ಕೆಂಪು; ದಿನಾ ಅಳೆದು ಬರೆಯುವವಳು ನಾನೇ.
ನಮ್ಮ ಮಾಳಿಗೆಯ ಮೇಲೂ ಮೆಣಸಿನಕಾಯಿ ತಿರುವಿದ್ದೇನೆ,
ತಳದ್ದು ಬೂಸು ಹಿಡಿದರೆ ಅವ್ವನ ಕೈಲಿ ತಿಂದಿದ್ದೇನೆ.

ಈಗ ಎರಡಕ್ಕೆ ಅಲಾರಂ ಬೇಡ, ಅವಳೇ ಎಬ್ಬಿಸುತ್ತಾಳೆ.
ಎಡಗೈ ಮಂಚದ ಸರಳು ಹಿಡಿಯುತ್ತದೆ,
ನಾನು ಚಾದರದ ಅಂಚು.
ಒಂಜಿ, ರಡ್ಡ್, ಮೂಜಿ (ಇಷ್ಟು ತುಳು ಬಂತು)
ಮೂವತ್ತೊಂಬತ್ತು ಕಿಲೋ ಹೊರಳುತ್ತದೆ.
ಕಾಲ ನಡುವೆ ದಿಂಬು, ಹಿಮ್ಮಡಿಗೆ ತೆಂಗಿನೆಣ್ಣೆ.
ಅವಳು ಬೆರಳಾಡಿಸಿ ಹಾಸಿಗೆ ಮುಟ್ಟಿ ನೋಡುತ್ತಾಳೆ,
ಹೊಯಿಗೆ ಒದ್ದೆಯೋ ಹೇಗೆ ಅಂತ.
ಒಮ್ಮೊಮ್ಮೆ ಒದ್ದೆಯೇ.
ಆಗ ಅವಳು ಕಿಟಕಿ ನೋಡುತ್ತಾಳೆ, ನಾನು ಬಕೆಟು.

ನಿನ್ನೆ ಡಾಕ್ಟರು ಬಂದರು. ಬಗ್ಗಿ ನೋಡಿ, ಪೂರಾ ಒಣಗಿದೆ ಎಂದರು.
ಅಷ್ಟು ಕನ್ನಡ ಎಲ್ಲಿ ಉಳಿದಿತ್ತೋ,
ಬೇಬಿಯಕ್ಕ ಕತ್ತು ಹೊರಳಿಸಿ ಅವರನ್ನೇ ದಿಟ್ಟಿಸಿದಳು,
ಘಟ್ಟದ ಮೇಲಿನ ವ್ಯಾಪಾರಿಯನ್ನು ಅಳೆಯುವ ಹಾಗೆ:
ಏತ್ ಕೊರ್ಪರ್?
ಏನಂತೆ, ಎಂದರು ಡಾಕ್ಟರು.
ಎಷ್ಟು ಕೊಡ್ತೀರಿ ಅಂತ, ಎಂದೆ.
ಅವರು ಪೆನ್ನು ಜೇಬಿಗಿಟ್ಟು ನಕ್ಕರು. ನಾವು ನಗಲಿಲ್ಲ.

ರಾತ್ರಿ, ನಾಲ್ಕರದ್ದು ಮುಗಿಸಿ, ‘ನೀ’ ಬರೆದು,
ಗೋಡೆಗೆ ಮುಖ ಹಾಕಿ ಚಾಪೆಯ ಮೇಲೆ ಬಿದ್ದಿದ್ದೆ.
ಹೆಗಲು ಜೋಮು ಹಿಡಿದಿತ್ತು, ಅಲುಗುವ ಮನಸ್ಸಿಲ್ಲ.
ಕತ್ತಲಲ್ಲಿ ಮಂಚದ ಮೇಲಿಂದ ಆ ಅರ್ಧ ಬಾಯಿ:
ಏ ಪೊಣ್ಣೇ, ಅಡಿ ಮಿತ್ತ್.

ಹೊರಳಿದೆ.