ಇನ್ನೂರ ಹದಿನೈದನೆಯ ಎಲೆ

ಸಾದಹಳ್ಳಿ ಟೋಲ್ ದಾಟಿದರೆ ಎಡಕ್ಕೊಂದು ಹೋಟೆಲು, ಮೂರನೇ ಮಹಡಿ.
ಹದಿನೇಳನೇ ಸಲ ಕೂತಿದ್ದೇವೆ.
ಈ ಕಡೆ ನಾವು, ಸಣ್ಣ ಕಂಪನಿಯ ಪೈಲಟ್ಟುಗಳು,
ಆ ಕಡೆ ಅವರು, ದೊಡ್ಡದರವರು,
ಮೇಜಿನ ತಲೆಯಲ್ಲಿ ಆಡಳಿತದವರು ಮೂರೇ ಜನ.
ಬಾದಾಮಿ ಬಟ್ಟಲು ಅವರ ಹತ್ತಿರ.

ಕಾಗದದಲ್ಲಿ ವಿಲೀನ ಎಂದಿದೆ.
ನಮ್ಮಜ್ಜಿ ಚೆನ್ನಾಜಮ್ಮ ಇದ್ದಿದ್ದರೆ ಕೂಡಾವಳಿ ಅನ್ನುತ್ತಿದ್ದಳು:
ಓಲಗವಿಲ್ಲದ ಎರಡನೇ ಮದುವೆ, ಕತ್ತಲಾದ ಮೇಲೆ,
ಎರಡೂ ಕಡೆಯ ಮಕ್ಕಳು ಹೊಸಿಲಲ್ಲಿ ನಿಂತು
ಯಾರು ಹಿರಿಯರೆಂದು
ಬೆನ್ನಿಗೆ ಬೆನ್ನು ಕೊಟ್ಟು ಅಳೆದುಕೊಳ್ಳುವುದು.

ನಲವತ್ತಮೂರು ನನ್ನ ನಂಬರು.
ಹನ್ನೆರಡು ವರ್ಷ ಬೀದರಿಗೆ, ಹುಬ್ಬಳ್ಳಿಗೆ, ವಿದ್ಯಾನಗರಕ್ಕೆ
ರೆಕ್ಕೆಗೊಂದು ಪಂಖದ ವಿಮಾನ ಹಾರಿಸಿ ದುಡಿದದ್ದು.
ಅವರ ನಾಲ್ವರ ಹಿಂದೆ ನಮ್ಮವರೊಬ್ಬರು,
ಹೊಸ ಲೆಕ್ಕ ಇದು.
ಐದರಿಂದ ಗುಣಿಸಿಕೊಂಡೆ. ಇನ್ನೂರ ಹದಿನೈದು.

‘ಸಂಬಳ ಅಷ್ಟೇ ಇದೆಯಲ್ಲ, ಮತ್ತೇನು?’
ಗಂಡ ಕೇಳಿದ, ಯಲಹಂಕದ ಮನೆಯಲ್ಲಿ, ಕುಕ್ಕರ್ ಇಳಿಸುತ್ತ.
ಹೇಗೆ ಹೇಳಲಿ. ಪಂಕ್ತಿ ಕಣೋ ಇದು.
ಮೊದಲ ಎಲೆಗೆ ದ್ರಾಕ್ಷಿ ಗೋಡಂಬಿ ತೇಲಿಬರುತ್ತೆ,
ಕೊನೆಯ ಎಲೆ ಹೊತ್ತಿಗೆ
ಸೌಟು ತಳ ಕೆರೆಯುವ ಸದ್ದು.
ಹಬ್ಬದ ರಜೆ ಯಾರಿಗೆ, ನಸುಕಿನ ಮೂರರ ಕ್ಯಾಬು ಯಾರಿಗೆ,
ಜೆಟ್ಟಿನ ಎಡಗುರ್ಚಿ ಯಾರಿಗೆ,
ಕಷ್ಟಕಾಲ ಬಂದರೆ
ಊಟ ಮುಗಿಯುವ ಮೊದಲೇ ಏಳಬೇಕಾದವರು ಯಾರು.
ಅವನು ಕುಕ್ಕರಿನ ಮುಚ್ಚಳ ಕೈಯಲ್ಲೇ ಹಿಡಿದು ನಿಂತ.

ಎದುರಿಗೆ ಕ್ಯಾಪ್ಟನ್ ಪಳಂಗಪ್ಪ.
ಜಕ್ಕೂರಿನಲ್ಲಿ ನನಗೆ ಇಳಿಯಲು ಕಲಿಸಿದವರು.
‘ನೆಲ ನೋಡಬೇಡ ದಾಕ್ಷಾಯಿಣಿ, ರನ್‌ವೇಯ ಆ ತುದಿ ನೋಡು,
ನೆಲ ತಾನಾಗಿ ಬರುತ್ತೆ.’
ಅವರ ಕಂಪನಿ ಒಮ್ಮೆ ಮುಳುಗಿ, ಇನ್ನೊಂದಕ್ಕೆ ಸೇರಿದ್ದು
ನಾನು ಇಲ್ಲಿ ಸೇರಿದ ಹನ್ನೊಂದು ದಿನಕ್ಕೆ.
ಸೇರಿದ ತಾರೀಖೇ ಲೆಕ್ಕ ಎಂದು ನಾನು ವಾದಿಸಿದರೆ
ಗುರು ನನ್ನ ಕೆಳಗಿನ ಎಲೆಗೆ.
ವಾದಿಸಿದೆ. ಹದಿನೇಳು ಸಲ,
ಅವರ ಕಣ್ಣು ತಪ್ಪಿಸಿ, ನೀರಿನ ಬಾಟಲಿ ನೋಡುತ್ತ.

ಟೀಗೆಂದು ಎದ್ದಾಗ ಕಿಟಕಿಯ ಹತ್ತಿರ ಬಂದು ನಿಂತರು.
ನಮ್ಮದೊಂದು ವಿಮಾನ ಇಳಿಯುತ್ತಿತ್ತು, ಬಾಲಕ್ಕಿನ್ನೂ ಹಳೇ ಬಣ್ಣ.
‘ಸ್ವಲ್ಪ ಎತ್ತರ ಆಯ್ತು ಅಲ್ವಾ?’ ಅಂದರು.
‘ಹೌದು ಸರ್.’
‘ನಿನ್ನ ಕೆಳಗೆ ಕೂರೋಕೆ ನಂಗೇನಿಲ್ಲ ಮಾರಾಯ್ತಿ.
ನನ್ನ ಬೆನ್ನಿಗೆ ಎಂಬತ್ತು ಹುಡುಗರಿದ್ದಾರೆ, ಸಾಲ ಮಾಡಿ ಲೈಸೆನ್ಸ್ ತಗೊಂಡವರು.’
‘ನನ್ನ ಬೆನ್ನಿಗೂ ಇದ್ದಾರೆ ಸರ್.’
ಟೀ ತಣ್ಣಗಿತ್ತು. ಇಬ್ಬರೂ ಕುಡಿದೆವು.

ಆಮೇಲೆ ಕನ್ನಡಕ ಏರಿಸಿ ಫೈಲು ತೆಗೆದರು.
ಪುಟ ಮೂವತ್ತೊಂದು. ಇರುವೆಯಷ್ಟು ಅಕ್ಷರ:
ತಿಂಗಳಿಗೆ ಖಾತರಿ ಸಂಬಳದ ಗಂಟೆ ಎಪ್ಪತ್ತಲ್ಲ, ಐವತ್ತು.
ಇದು ಯಾವಾಗ ಬಂತು?
ಹನ್ನೊಂದನೇ ಸಭೆಯಲ್ಲಿ. ಅಂದು ನಾವು,
ಎರಡೂ ಕಡೆಯವರು,
ಎಲೆ ಹಾಕುವ ಕ್ರಮಕ್ಕೆ ಮೇಜು ಗುದ್ದುತ್ತಿದ್ದೆವು.
ಒಳಗೆ ಯಾರೋ ಹಂಡೆಯನ್ನೇ ಬದಲಾಯಿಸಿದ್ದರು.

ಮತ್ತೆ ಕೂತಾಗ
ಪಳಂಗಪ್ಪ ಕುರ್ಚಿಯನ್ನು ಈ ಕಡೆಗೆ ಎಳೆದರು.
ಪೂರ್ತಿ ಈ ಕಡೆಗಲ್ಲ, ಮೇಜಿನ ಮೂಲೆಗೆ.
ಕಾರ್ಪೆಟ್ಟಾದರೂ ಸದ್ದಾಯಿತು.
‘ಪಟ್ಟಿ ಆಮೇಲೆ. ಮೂವತ್ತೊಂದು ತೆಗೀರಿ,’ ಎಂದರು.
ಬಾದಾಮಿ ಹಿಡಿದ ಕೈ ಬಟ್ಟಲಿನ ಮೇಲೇ ನಿಂತಿತು.
ನಮ್ಮಲ್ಲೇ ಇಬ್ಬರು ಗೊಣಗಿದರು, ಅವರಲ್ಲಿ ಮೂವರು.
ರಾತ್ರಿ ಒಂಬತ್ತಾದರೂ ಏನೂ ತೀರ್ಮಾನವಾಗಲಿಲ್ಲ.

ಬೆಳಗ್ಗೆ ದೇವನಹಳ್ಳಿಯ ಮಂಜು, ನಂದಿಬೆಟ್ಟವೇ ಇಲ್ಲ.
ಬೀದರಿಗೆ ಎಪ್ಪತ್ತು ಜನರನ್ನು ಕೂರಿಸಿಕೊಂಡು ಕಾಯುತ್ತಿದ್ದೆ.
ಮುಂದೆ ಬರೀ ಬಾಲದ ದೀಪಗಳು, ಯಾರದು ಯಾವ ಬಣ್ಣವೋ.
ಟವರಿನ ಹುಡುಗಿ ನಿದ್ದೆಗಣ್ಣಿನ ದನಿಯಲ್ಲಿ ಹೇಳಿದಳು:
ಹೊರಡಲು ನಿಮ್ಮ ನಂಬರು ಒಂಬತ್ತು.
ಒಂಬತ್ತು, ಎಂದು ಮರುನುಡಿದೆ.
ಬ್ರೇಕ್ ಹಾಗೇ ಹಿಡಿದು ಕೂತೆ.