ಆಚಂದ್ರಾರ್ಕ

ತುಜ್ಲಾ ಊರಿನ ಉಪ್ಪುನೀರಿನ ಕೆರೆಯ ಹಿಂದೆ,
ಎರಡನೇ ಮಹಡಿಯಲ್ಲಿ ಮೆವ್ಲಿದಾಳ ಅಂಗಡಿ.
ಸೊಟ್ಟ ಪಾದಕ್ಕೆ, ಗಿಡ್ಡ ಕಾಲಿಗೆ,
ನೆಲಬಾಂಬು ಅರ್ಧ ಬಿಟ್ಟುಹೋದ ಹಿಮ್ಮಡಿಗೆ
ಬೂಟು ಹೊಲಿಯುತ್ತಾಳೆ.
ಅವಳ ಬಳಿ ಸಾವಿರದ ನಾನೂರ ಹನ್ನೆರಡು ಪಾದಗಳಿವೆ,
ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ,
ಒಂದೇ ತಂತ್ರಾಂಶ ಓದಬಲ್ಲ ಲಿಪಿಯಲ್ಲಿ.

ಕೊಂಡ ದಿನದ ಕಾಗದ ಹೇಳಿತ್ತು: ಶಾಶ್ವತ ಪರವಾನಗಿ.
ನಮ್ಮ ಕಡೆ ಇಂಥದ್ದನ್ನು ಕಲ್ಲಿಗೆ ಕೊರೆಯುತ್ತಿದ್ದರು,
ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು,
ಕೆಳಗೆ, ಅಳುಪಿದವನಿಗೆ ಒಂದು ಶಾಪ.
ಇವಳ ಕಾಗದದ ಕೆಳಗೆ
ಇರುವೆ ಸಾಲಿನಂಥ ಅಕ್ಷರದಲ್ಲಿ:
ಷರತ್ತುಗಳು ಬದಲಾಗಬಹುದು.

ಬದಲಾದವು.
ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು,
ಅದನ್ನು ಮತ್ತೊಂದು.
ಸಕ್ಕರೆ ಸವರಿದ ಪತ್ರ ಬಂತು:
ಈವರೆಗಿನ ನಿಮ್ಮ ನಂಬಿಕೆಗೆ ಧನ್ಯವಾದ.
ಇನ್ನು ತಿಂಗಳ ಚಂದಾ.
ಹಳೆಯ ಕಡತಗಳು ಹೊಸದರಲ್ಲಿ ತೆರೆಯುವುದಿಲ್ಲ.

ತಮ್ಮನ ಮಗ ಎನೆಸ್ ಕಳ್ಳದಾರಿ ತೋರಿಸಿದ:
ಇಂಟರ್ನೆಟ್ಟಿನ ತಂತಿ ಕಿತ್ತುಬಿಡು ಅತ್ತೆ,
ಗಡಿಯಾರ ಹಿಂದಕ್ಕೆ ತಿರುಗಿಸು.
ಅಲ್ಲಿಂದ ಆರು ವರ್ಷ ಆ ಕೋಣೆಯಲ್ಲಿ ಒಂದೇ ದಿನ,
ಎರಡು ಸಾವಿರದ ಹದಿನೈದು,
ಮಾರ್ಚ್ ಹದಿನೇಳು, ಮಂಗಳವಾರ.
ಹೊರಗೆ ಹಿಮ ಬಿದ್ದರೂ, ಪಕ್ಕದ ಮನೆ ಮಾರಾಟವಾದರೂ
ಒಳಗೆ ಮಂಗಳವಾರ.
ರಶೀದಿಯ ಮೇಲೂ ಅದೇ ತಾರೀಖು,
ಪೆನ್ನಿನಿಂದ ತಿದ್ದಿ ಕೊಡುತ್ತಿದ್ದಳು.

ತಿದ್ದಬೇಡ, ಅಂದ ಒಮ್ಮೆ ಹಸಿಬ್.
ಆವತ್ತು ಹಾತಿಜಾ ಇದ್ದಳು.
ಸಂಜೆ ಏನು ಅಡುಗೆ ಮಾಡಿದ್ದಳೋ, ನೆನಪಿಲ್ಲ.
ರಶೀದಿ ಮಡಚಿ ಒಳಜೇಬಿಗಿಟ್ಟುಕೊಂಡ.

ಈ ನವೆಂಬರಿನಲ್ಲಿ
ಯಂತ್ರದೊಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತು.
ಮಂಗಳವಾರ ಜಾರಿ ಎರಡು ಸಾವಿರದ ಎರಡಕ್ಕೆ ಬಿತ್ತು.
ಪರದೆ ಹೇಳಿತು:
ನಿಮ್ಮ ಪರವಾನಗಿ ಇನ್ನೂ ಶುರುವಾಗಿಲ್ಲ.
ಆಮೇಲೆ ಅದೂ ಮಾತಾಡಲಿಲ್ಲ.

ಹಸಿಬ್ ಬಂದ, ಎಡಬೂಟಿನ ಅಟ್ಟೆ ಸವೆದಿತ್ತು.
ಅವನ ಪಾದ ಅಲ್ಲೇ ಇತ್ತು, ಅವಳ ಮೇಜಿನ ಕೆಳಗೆ,
ಕೂದಲೆಳೆಯಷ್ಟೂ ತಪ್ಪದ ಅಳತೆಯಲ್ಲಿ.
ಮೆವ್ಲಿದಾ ಮಾಂಸದಂಗಡಿಯ ಕಂದು ಕಾಗದ ಹಾಸಿ
ಇಡು, ಅಂದಳು.
ಪೆನ್ಸಿಲು ಬೆರಳುಗಳನ್ನು ಸುತ್ತಿತು,
ಅವನಿಗೆ ಕಚಗುಳಿ, ಎಪ್ಪತ್ತರ ಗಂಡಸು ಕಿಸಕ್ಕೆಂದ.
ಹಿಮ್ಮಡಿ ಇಲ್ಲದ ಕಡೆ
ಪೆನ್ಸಿಲು ದಾರಿ ತಿಳಿಯದೆ ನಿಂತಿತು.

ಹದಿನೆಂಟು ದಿನಕ್ಕೆ ಬೂಟು ಸಿದ್ಧ.
ಕಚ್ಚುತ್ತದಾ?
ಇಲ್ಲ ಇಲ್ಲ, ಹೂವು, ಅಂದ. ದುಡ್ಡು ಎಣಿಸಿದ.
ಮೆಟ್ಟು ಎಲ್ಲಿ ಕಚ್ಚುತ್ತದೆಂದು
ಮೆಟ್ಟಿದವನಿಗೇ ಗೊತ್ತು, ಅನ್ನುತ್ತೇವೆ ನಾವು.
ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು.
ನಾಲ್ಕನೆಯ ಮೆಟ್ಟಿಲು, ಐದನೆಯದು,
ಆರನೆಯದರಲ್ಲಿ ತುಸು ತಡ.

ಹಸಿಬ್, ಮೇಲೆ ಬಾ,
ಎಂದು ಕೂಗಿದಳು.